ಬೆಲ್ಲಮ್ಮನವರ ಭಾಷಣ

ನಮ್ಮೂರಿನಲ್ಲಿ ಭಾಷಣಗಳು ಬಹಳ ಚಿಕ್ಕವು. ಪುರಸಭೆಯ ಮುಂದೆ ಮಂಚದಷ್ಟು ಅಗಲದ ಒಂದು ಹಾಸುಗಲ್ಲು ನಾಲ್ಕು ಮೋಟು ಕಂಬಗಳ ಮೇಲೆ ಕೂತಿದೆ. ಅದಕ್ಕೆ ನುಡಿಗಲ್ಲು ಅನ್ನುತ್ತೇವೆ. ಅದರ ಮೇಲೆ ನಿಂತು ಆಡಿದ ಮಾತು ನಡೆಯುವ ತನಕ ಆಡಿದವರ ಪಾದ ಅಲ್ಲಿಂದ ಏಳುವುದಿಲ್ಲ. ಹಾಗಂತ ನಾವು ಭಾಷಣ ಬಿಟ್ಟವರಲ್ಲ. ಬೇರೆ ಎಲ್ಲಿ ನಿಂತು ಮಾತಾಡಿದರೂ ಜನ ಕಡಲೆಕಾಯಿ ಸುಲಿಯುತ್ತಾ ಕೂತಿರುತ್ತಾರೆ, ಕಲ್ಲು ಹತ್ತಿದರೆ ಮಾತ್ರ ತಲೆ ಎತ್ತುತ್ತಾರೆ. ಆದ್ದರಿಂದ ನಮ್ಮ ಅಧ್ಯಕ್ಷರಾದ ಪುಟ್ಟವೀರಯ್ಯನವರು ಹಬ್ಬಹುಣ್ಣಿಮೆಗೆ ಕಲ್ಲು ಹತ್ತಿ, "ನಮಸ್ಕಾರ. ಬಿಸಿಲಿದೆ" ಎಂದು ಹೇಳಿ ಇಳಿದುಬಿಡುತ್ತಾರೆ. ಜೋರು ಚಪ್ಪಾಳೆ ಬೀಳುತ್ತದೆ. ಅವರಿಗಿಂತ ಹಿಂದೆ ಇದ್ದ ಮರಿಲಿಂಗಪ್ಪನವರು ಚುನಾವಣೆಯ ಹುರುಪಿನಲ್ಲಿ "ಈ ಊರಲ್ಲಿ ಹಾಲಿನ ಹೊಳೆ ಹರಿಸುತ್ತೇನೆ" ಅಂದುಬಿಟ್ಟು ನೆಗಡಿ ಜ್ವರ ಎಲ್ಲ ಅಲ್ಲೇ ಅನುಭವಿಸಿದರು. ಕೊನೆಗೆ ಮನೆಮನೆಯಿಂದ ಹಾಲು ತಂದು ಚರಂಡಿಗೆ ಸುರಿದು ಅವರನ್ನು ಇಳಿಸಿಕೊಂಡೆವು. ಊರಿನ ಬೆಕ್ಕುಗಳೆಲ್ಲ ಅವರ ಪಕ್ಷ ಸೇರಿದವು. ಮನುಷ್ಯರು ಯಾರೂ ಸೇರಲಿಲ್ಲ.

ನನ್ನ ಹೆಸರು ವನಮಾಲಾ. ಗುಂಡಿ ಕಾರ್ಖಾನೆಯಲ್ಲಿ ಕೆಲಸ. ಅಂಗಿಗೆ ಹೊಲಿಯುವ ಗುಂಡಿ. ನಮ್ಮ ಯಂತ್ರ ಜರ್ಮನಿಯದು. ಅದನ್ನು ಕೂರಿಸಲು ಬಂದಿದ್ದ ಮೆಕ್ಯಾನಿಕ್ ಒಂದು ಮಳೆಗಾಲವಿಡೀ ಇಲ್ಲಿದ್ದ. ಅವನ ಜೊತೆ ಜಗಳವಾಡುತ್ತಾ ಆಡುತ್ತಾ ನನಗೆ ಜರ್ಮನ್ ಬಂತು. ಎಣ್ಣೆ ಹಾಕು, ತಿರುಪು ಬಿಗಿ ಮಾಡು, ಬೆರಳು ಇಡಬೇಡ, ಅಯ್ಯೋ ಇಟ್ಟೆಯಾ, ಇಂಥ ಮಾತೆಲ್ಲ ನೀರು ಕುಡಿದಷ್ಟು ಸುಲಭ. ಆದ್ದರಿಂದ ಜರ್ಮನಿಯ ಯಾವುದೋ ಪಟ್ಟಣದವರು ನಮ್ಮೂರನ್ನು ತಮ್ಮ ಗೆಳೆಯರ ಊರು ಎಂದು ಆರಿಸಿಕೊಂಡು, ಅಲ್ಲಿನ ನಗರಸಭೆಯ ಹಿರಿಯ ಸದಸ್ಯೆಯೊಬ್ಬರನ್ನು ಕಳಿಸುತ್ತಾರೆ ಎಂದಾಗ ಪುಟ್ಟವೀರಯ್ಯನವರು ನೇರ ನನ್ನ ಯಂತ್ರದ ಹತ್ತಿರವೇ ಬಂದರು. ಯಾವ ನಕ್ಷೆಯಲ್ಲೂ ಇಲ್ಲದ ನಮ್ಮೂರು ಅವರಿಗೆ ಹೇಗೆ ಸಿಕ್ಕಿತೋ, ನಾವು ಕೇಳಲಿಲ್ಲ. ಸಿಕ್ಕಿದ್ದೇ ಸಂತೋಷ.

ಬಂದವರ ಹೆಸರು ಫ್ರೌ ಬ್ರೋಮೆಲ್, ಫ್ರೌ ಅಂದರೆ ಶ್ರೀಮತಿ. ಎತ್ತರದ ಆಳು, ಬೆಳ್ಳಗಿನ ಕ್ರಾಪು, ಹೊಳೆಯುವ ಬೂಟು, ಮಾತಾಡುವಾಗ ಗಾಳಿಯಲ್ಲಿ ಏನನ್ನೋ ಕತ್ತರಿಸುವ ಕೈ. ನಮ್ಮ ಜನಕ್ಕೆ ಬ್ರೋಮೆಲ್ ಅನ್ನಲು ನಾಲಿಗೆ ಹೊರಳದೆ, ಸಂಜೆಯೊಳಗೆ ಅವರು ಬೆಲ್ಲಮ್ಮ ಆಗಿದ್ದರು. ಕಲ್ಲಿನ ವಿಷಯ ನಾನು ಮೊದಲೇ ಹೇಳಿದೆ. "ಅಮ್ಮಾ, ಅದರ ಮೇಲೆ ನಿಂತು ಏನು ಹೇಳುತ್ತೀರೋ ಅದು ಆಗಲೇಬೇಕು." ಅವರು ನಕ್ಕು, "ಎಂಥ ಒಳ್ಳೆಯ ಸಂಪ್ರದಾಯ! ನಮ್ಮಲ್ಲೂ ಒಂದು ಬೇಕಿತ್ತು" ಅಂದರು. ಅದನ್ನು ಅವರು ಬರೀ ಶಾಸ್ತ್ರದ ಮಾತು ಎಂದು ತೆಗೆದುಕೊಂಡರು ಅಂತ ನನಗೆ ಆಮೇಲೆ ಗೊತ್ತಾಯಿತು.

ಕಲ್ಲು ಹತ್ತಲು ನಾನು ಒಪ್ಪಿರಲಿಲ್ಲ. ಪುಟ್ಟವೀರಯ್ಯನವರು ಬಿಡಲಿಲ್ಲ. "ವನಮಾಲಮ್ಮ, ಯೋಚನೆ ಯಾಕೆ? ಬಾಯಿ ನಿಮ್ಮದು, ಮಾತು ಅವರದು. ಕಲ್ಲಿಗೆ ಅಷ್ಟೂ ತಿಳಿಯಲ್ವಾ?" ಅಂದರು. ನನ್ನ ಗಂಡ ನೀಲಕಂಠ ಶಾಮಿಯಾನ ಹಾಕುವವನು, ಅಂದಿನ ಚಪ್ಪರವೂ ಅವನದೇ. ಅವನು ಕಂಬ ಹುಗಿಯುತ್ತಾ, "ಹತ್ತಬೇಡ ಕಣೆ" ಅಂದ. ಅವನು ಬೇಡ ಅಂದನಲ್ಲ, ಹತ್ತಿಬಿಟ್ಟೆ.

ಬೆಲ್ಲಮ್ಮ ಕೈಚೀಲದಿಂದ ದಪ್ಪ ಹಾಳೆಗಳ ಕಟ್ಟು ತೆಗೆದಾಗ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ಉದ್ದದ ಭಾಷಣವನ್ನು ನಮ್ಮೂರು ಕಂಡಿರಲಿಲ್ಲ. ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ದೂರ ಹೋಗಿ ನಿಂತರು, ತಮಗೇ ಏನಾದರೂ ಆದೀತು ಎಂಬ ಹಾಗೆ. ಅವರು ಓದಿದರು, ನಾನು ಹಿಂದಿನಿಂದ ಕನ್ನಡದಲ್ಲಿ ಹೇಳಿದೆ. ಕಾರ್ಖಾನೆಯಲ್ಲಿ ನನಗೆ ಅಭ್ಯಾಸವೇ ಹಾಗೆ. ಯಂತ್ರದ ಪುಸ್ತಕದಲ್ಲಿ ಇರುವ ಒಂದೊಂದು ಪದವನ್ನೂ ಬಿಡದೆ ಹೇಳಬೇಕು, ಬಿಟ್ಟರೆ ಯಾರದಾದರೂ ಬೆರಳು ಹೋಗುತ್ತದೆ. "ಕಷ್ಟ ಕಾಲದಲ್ಲಿ ನಾವು ನಿಮ್ಮೆಲ್ಲರ ಮೇಲೆ ರಕ್ಷಣೆಯ ಕೊಡೆ ಬಿಡಿಸುತ್ತೇವೆ" ಅಂದರು. ನಾನೂ ಅಂದೆ. ಒಳ್ಳೆಯ ಹೆಂಗಸು ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ, "ನಾವು ಕೂಡಿ ಹಸುವನ್ನು ಮಂಜುಗಡ್ಡೆಯ ಮೇಲಿಂದ ಇಳಿಸುತ್ತೇವೆ" ಅಂದರು. ಯಾವ ಹಸು ಅಂತ ಒಂದು ಕ್ಷಣ ತಡವರಿಸಿದೆ, ಆದರೂ ಅಂದೆ. ಕೊನೆಗೆ ಒಂದು ಪದ ಬಂತು, ನನಗೆ ಗೊತ್ತಿಲ್ಲದ್ದು. ಯಂತ್ರದಲ್ಲಿ ಅದು ಎಲ್ಲೂ ಇರಲಿಲ್ಲ. ಏನು ಅಂತ ಕೇಳಿದೆ. ಬೆಲ್ಲಮ್ಮ ಕೆನ್ನೆ ಉಬ್ಬಿಸಿ, ಕಲ್ಲಿನ ಮೇಲೆಯೇ ಕುಕ್ಕರಗಾಲಲ್ಲಿ ಕೂತು ಒಮ್ಮೆ ಕುಪ್ಪಳಿಸಿ ತೋರಿಸಿದರು. ಜನ ಹೋ ಅಂತ ಕೂಗಿದರು. ನಾನು ಹೆಮ್ಮೆಯಿಂದ, "ಅದಕ್ಕಾಗಿ ನಾವು ಒಂದೊಂದು ಕಪ್ಪೆ ನುಂಗುತ್ತೇವೆ" ಎಂದು ಮುಗಿಸಿದೆ.

ಚಪ್ಪಾಳೆ ಬೀಳಲಿಲ್ಲ. ಎಲ್ಲರ ಕಣ್ಣೂ ಬೆಲ್ಲಮ್ಮನ ಬೂಟಿನ ಮೇಲೆ. ಅವರು ಹಾಳೆ ಮಡಿಸಿ, ಲಂಗ ಸರಿಮಾಡಿಕೊಂಡು, ಟಕ ಟಕ ಎಂದು ಇಳಿದು ಪುಟ್ಟವೀರಯ್ಯನವರ ಕೈ ಕುಲುಕಿದರು. ಕಲ್ಲಿಗೆ ಜರ್ಮನ್ ಬರುವುದಿಲ್ಲ ಎಂದು ಊರಿಗೆ ಆಗ ತಿಳಿಯಿತು. ಆಗ ಚಪ್ಪಾಳೆ ಬಿತ್ತು ನೋಡಿ! ನಾನೂ ತಟ್ಟಿದೆ. ಆಮೇಲೆ ಕಾಲು ಎತ್ತಿದೆ. ಏಳಲಿಲ್ಲ. ಇನ್ನೊಂದು ಎತ್ತಿದೆ. ಅದೂ ಇಲ್ಲ. ಚಪ್ಪಲಿಯಿಂದ ಪಾದ ಬಿಡಿಸಿಕೊಳ್ಳೋಣವೆಂದರೆ ಪಾದ ಚಪ್ಪಲಿಗೆ, ಚಪ್ಪಲಿ ಕಲ್ಲಿಗೆ ಅಂಟಿತ್ತು. ಕಲ್ಲಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು.

"ರೀ!" ಎಂದು ಕೂಗಿದೆ.

ನೀಲಕಂಠ ಬಂದು ನನ್ನ ಕಾಲಿನ ಕಡೆ ನೋಡಿದ, ನನ್ನ ಮುಖ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. "ಕಪ್ಪೆ ಅಂತ ಯಾಕೆ ಅಂದೆ? ಪೂರಿ ಅಂದಿದ್ರೆ ಏನಾಗ್ತಿತ್ತು?" ಅಂದ. ಹೆಣ್ಣುಮಕ್ಕಳು ನಗಾಡಿದರು. ನನಗೆ ಅಳು ಬಂತು. ನಾನು ಮೊಟ್ಟೆಯಿರುವ ಕೇಕನ್ನೂ ಮುಟ್ಟುವವಳಲ್ಲ. ಕೊಡೆ ಆದೀತು, ಹಸು ಆದೀತು. ಕಪ್ಪೆ ನನ್ನ ಜನ್ಮದಲ್ಲಿ ಆಗುವ ಮಾತಲ್ಲ. ಅಂದರೆ ನಾನು ಪುರಸಭೆಯ ಮುಂದೆ ಮುದುಕಿಯಾಗಬೇಕು. ಬಿಸಿಲಿಗೆ, ಮಳೆಗೆ, ಬೀದಿಯವರ ಬುದ್ಧಿಮಾತಿಗೆ ತಲೆಯೊಡ್ಡಿಕೊಂಡು.

ಗಂಡ ನನ್ನ ಸುತ್ತ ಮರ್ಯಾದೆಗೆ ಪರದೆ ಕಟ್ಟಿದ, ಒಂದು ಕುರ್ಚಿ ಕೊಟ್ಟ, ಆಮೇಲೆ ಸೂಜಿ ಹಿಡಿದು ಕೂತ. ಮನೆಯಲ್ಲಿದ್ದ ಹಳದಿ ಕೆಂಪು ಪಟ್ಟೆಯ ಬಟ್ಟೆಯನ್ನೆಲ್ಲ ಸೇರಿಸಿ, ಬಿದಿರಿನ ಗಳಗಳನ್ನು ಕಡ್ಡಿ ಮಾಡಿ, ಮರುದಿನ ಬೆಳಗಿನ ಹೊತ್ತಿಗೆ ಚೌಕದಷ್ಟು ಅಗಲದ ಕೊಡೆ ಮಾಡಿಟ್ಟ. ಭಾಷಣ ಕೇಳಿದ್ದವರೆಲ್ಲ ಅದರ ಕೆಳಗೆ ಬರಬೇಕಾಯಿತು. ಕ್ಷೌರದ ಹನುಮಂತು ಅರ್ಧ ಗಡ್ಡ ಹೆರೆದಿದ್ದ ಗಿರಾಕಿಯನ್ನು ಕುರ್ಚಿಸಮೇತ ಹೊತ್ತು ತಂದ. ನಾನು ಕೊಡೆಯ ಕೋಲು ಹಿಡಿದೆ, ಗಂಡಸರು ಹಗ್ಗ ಎಳೆದರು, ಕೊಡೆ ಬಿಡಿಸಿಕೊಂಡಿತು. ಕಾಲು ಎತ್ತಿದೆ. ಸಡಿಲವೂ ಆಗಲಿಲ್ಲ.

"'ನಾವು' ಅಂತ ಅಂದಿದ್ದಲ್ವೇನಮ್ಮ ನೀನು?" ಅಂದಳು ಹಸು ಸಾಕುವ ಗೌರಕ್ಕ. "ಒಬ್ಬಳೇ ಬಿಡಿಸಿದ್ರೆ ಅದು 'ನಾನು' ಆಯ್ತು. ಆ ಬೆಲ್ಲಮ್ಮನೂ ಹಿಡೀಬೇಕು."

ಪುಟ್ಟವೀರಯ್ಯನವರ ಮುಖ ಸಪ್ಪಗಾಯಿತು. ಅತಿಥಿಗೆ ವಿಷಯವೇ ತಿಳಿಸದೆ ಹಾರ ಹಾಕಿ ಕಳಿಸಿಬಿಡುವುದು ಅವರ ಲೆಕ್ಕಾಚಾರ. ಜೀಪು ಆಗಲೇ ಬೆಲ್ಲಮ್ಮ ಇಳಿದುಕೊಂಡಿದ್ದ ಊರಾಚೆಯ ಬಂಗಲೆಯ ಮುಂದೆ ನಿಂತು ಸಾಮಾನು ತುಂಬಿಸಿಕೊಳ್ಳುತ್ತಿತ್ತು. ನೀಲಕಂಠ ಅಧ್ಯಕ್ಷರನ್ನು ಕೇಳದೆಯೇ ಓಡಿದ. ಅವನಿಗೆ ಜರ್ಮನ್ ಎಲ್ಲಿ ಬರಬೇಕು, ಬಂಗಲೆಯ ಮುಂದೆ ನಿಂತು ತನ್ನ ಕಾಲನ್ನು ತಾನೇ ಎರಡು ಕೈಯಲ್ಲಿ ಹಿಡಿದು ಎಳೆದು ತೋರಿಸಿದನಂತೆ. ವಾತರೋಗ ಅಂತ ತಿಳಿದು ಬೆಲ್ಲಮ್ಮ ಮುಲಾಮಿನ ಡಬ್ಬಿ ಹಿಡಿದುಕೊಂಡೇ ಬಂದರು.

ಬಂದು ನನ್ನನ್ನು ಕಂಡರು. ನಾನು ಎಲ್ಲವನ್ನೂ ಹೇಳಿದೆ. ಅವರು ನಂಬಲಿಲ್ಲ. ಬಗ್ಗಿ ನನ್ನ ಹಿಮ್ಮಡಿ ಹಿಡಿದು ಜಗ್ಗಿದರು, ಗೌರಕ್ಕನೂ ಅವರ ಸೊಂಟ ಹಿಡಿದು ಜಗ್ಗಿದಳು. ಇಬ್ಬರೂ ಹಿಂದಕ್ಕೆ ಬಿದ್ದರು. ಮೇಲೆದ್ದು ಬಟ್ಟೆ ಕೊಡವಿಕೊಂಡು ಬೆಲ್ಲಮ್ಮ ಮೆಲ್ಲಗೆ ಕೇಳಿದರು. "ಕೊಡೆ ಅಂದರೆ ಬಟ್ಟೆಯ ಕೊಡೆ ಅಂದುಕೊಂಡಿರಾ?"

"ಮತ್ತೆ ಏನದು?"

"ಮುಳುಗುವ ಬ್ಯಾಂಕುಗಳಿಗೆ, ಮುಳುಗುವ ದೇಶಗಳಿಗೆ ಸರಕಾರ ಸಹಾಯಕ್ಕೆ ನಿಲ್ಲುವುದು. ಅದಕ್ಕೆ ನಮ್ಮಲ್ಲಿ ಹಾಗೆ ಅನ್ನುತ್ತಾರೆ."

"ಮುಳುಗುವವರಿಗೆ ಕೊಡೆ ಯಾಕಮ್ಮ?" ಅಂದೆ. ಆಮೇಲೆ ಹಸು? ಯಾವುದೋ ತೊಡಕಿನ ಕೆಲಸ ಕೊನೆಗೂ ಸುಸೂತ್ರವಾದರೆ ಹಸುವನ್ನು ಮಂಜುಗಡ್ಡೆಯಿಂದ ಇಳಿಸಿದೆವು ಅನ್ನುತ್ತಾರಂತೆ. ಕಪ್ಪೆ? ಎರಡು ಮೂರು ಪಕ್ಷ ಸೇರಿ ಸರಕಾರ ಮಾಡುವಾಗ ಒಂದೊಂದು ಪಕ್ಷವೂ ತನಗೆ ಒಲ್ಲದ್ದನ್ನು ಒಪ್ಪಬೇಕಾಗುತ್ತದಲ್ಲ, ಅದು. ಸುತ್ತ ನಿಂತವರಿಗೆ ನಾನು ಕುರ್ಚಿಯಲ್ಲಿ ಕೂತು, ಕಲ್ಲು ಕೇಳಿಸಿಕೊಳ್ಳದ ಹಾಗೆ ಪಿಸುಮಾತಿನಲ್ಲಿ, "ಅಂತಾರಂತೆ, ಅಂತಾರಂತೆ" ಎಂದು ಸೇರಿಸಿ ಸೇರಿಸಿ ಹೇಳಿದೆ. ಜನಕ್ಕೆ ರುಚಿ ಹತ್ತಿತು. ಇನ್ನೇನೇನಿದೆ ನಿಮ್ಮಲ್ಲಿ ಅಂತ ಕೇಳಿದರು. ಸರಕಾರ ಸಾಲ ಮಾಡದ ಹಾಗೆ ಅದಕ್ಕೊಂದು ಬ್ರೇಕು ಹಾಕಿದ್ದಾರಂತೆ. ಬೇಡದ ಪಕ್ಷವನ್ನು ದೂರವಿಡಲು ನಡುವೆ ಬೆಂಕಿ ದಾಟದ ಗೋಡೆ ಇದೆಯಂತೆ. ದುಡಿಯದೆ ಸರಕಾರದ ಸಹಾಯದಲ್ಲಿ ಇರುವವರನ್ನು ಜೋಲಿಯಲ್ಲಿ ಮಲಗಿದ್ದಾರೆ ಎಂದು ಬೈಯುತ್ತಾರಂತೆ. ಎಲ್ಲರಿಗೂ ಒಂದೇ ಸಮ ಹಂಚಿದರೆ ಹೂಗಿಡಕ್ಕೆ ನೀರು ಹಾಕುವ ಝಾರಿಯಲ್ಲಿ ಸುರಿದರು ಎಂದು ಬೈಯುತ್ತಾರಂತೆ. ಬೇಸಿಗೆಯಲ್ಲಿ ಪತ್ರಿಕೆಗಳಿಗೆ ಸುದ್ದಿ ಸಿಗದೆ ಒಂದು ಗುಂಡಿ ಬೀಳುತ್ತದಂತೆ.

"ಪಾಪ," ಅಂದ ಹನುಮಂತು. "ಓಡಾಡೋಕೆ ಜಾಗ ಎಲ್ಲಿ ಸಿಗುತ್ತೆ ಇವರಿಗೆ?"

ಆ ಹೊತ್ತಿಗೆ ಜೀಪಿನವನು ಹಾರನ್ ಒತ್ತಲು ಶುರುಮಾಡಿದ. ವಿಮಾನಕ್ಕೆ ಹೊತ್ತಾಗುತ್ತಿತ್ತು. ಪುಟ್ಟವೀರಯ್ಯನವರು ಕೈಮುಗಿದು, "ನೀವು ಹೊರಡಿ ಅಂತ ಹೇಳಿ ವನಮಾಲಮ್ಮ, ನಾವು ಹೇಗೋ ನೋಡ್ಕೋತೀವಿ" ಅಂದರು. ನಾನು ಹೇಳಿದೆ. ಅವರು ಹೋದರೆ 'ನಾವು' ಅನ್ನುವುದೇ ಮುಗಿಯಿತು. ಬೆಲ್ಲಮ್ಮ ಜೀಪಿನ ಕಡೆ ನಡೆದರು. ನಾನು ತಲೆ ತಗ್ಗಿಸಿದೆ. ಸ್ವಲ್ಪ ಹೊತ್ತಿಗೆ ಬೂಟಿನ ಸದ್ದು ವಾಪಸು ಬಂತು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಹ್ಯಾಟು.

"ಮಾತು ನನ್ನದು, ಕಾಲು ನಿಮ್ಮದು," ಅಂದರು. "ಇದು ಸರಿಯಲ್ಲ."

ಅವರು ಬಂದು ಕೊಡೆಯ ಕೋಲಿಗೆ ಕೈ ಹಚ್ಚಿದ ತಕ್ಷಣ ನನ್ನ ಹೆಬ್ಬೆರಳು ಸಡಿಲವಾಯಿತು. ಎರಡೂ ಹೆಬ್ಬೆರಳು. ಅಷ್ಟಕ್ಕೇ ಊರು ಕುಣಿಯಿತು.

ಹಸುವಿಗೆ ತೊಂದರೆ ಇರಲಿಲ್ಲ, ಗೌರಕ್ಕನ ತುಂಗೆ ಇತ್ತು. ಆದರೆ ಮಂಜುಗಡ್ಡೆಯ ಮೇಲಿಂದ ಇಳಿಸಬೇಕಾದರೆ ಮೊದಲು ಹತ್ತಿಸಬೇಕಲ್ಲ. ಐಸ್ ಕ್ಯಾಂಡಿ ಖಾಜಾ ತನ್ನ ಫ್ಯಾಕ್ಟರಿಯ ದೊಡ್ಡ ದೊಡ್ಡ ಗಡ್ಡೆಗಳನ್ನು ಕೈಗಾಡಿಯಲ್ಲಿ ತಂದು ನುಡಿಗಲ್ಲಿನ ಪಕ್ಕದಲ್ಲೇ ಒತ್ತೊತ್ತಾಗಿ ಜೋಡಿಸಿದ. ನನಗೆ ಕೈಗೆಟುಕಬೇಕಲ್ಲ, ನಾನೂ ಇಳಿಸುವವಳೇ. ಹಲಗೆ ಇಟ್ಟು ತುಂಗೆಯನ್ನು ಹತ್ತಿಸಿದರು. ಅದು ಒಂದು ಹೆಜ್ಜೆ ಇಟ್ಟಿತು, ಗೊರಸು ತಣ್ಣಗಾಯಿತು, ಕಿವಿ ಆಡಿಸಿತು. ನಾಲ್ಕೂ ಕಾಲು ಇಟ್ಟಿತು. ಆಮೇಲೆ ನಿಧಾನವಾಗಿ, ಮುಂಗಾಲು ಮಡಿಸಿ, ಹಿಂಗಾಲು ಮಡಿಸಿ, ಮಲಗಿಬಿಟ್ಟಿತು.

ಕೊಡೆ ಮಡಿಸಿಟ್ಟಾಗಿತ್ತು, ನೆತ್ತಿ ಸುಡುವ ಬಿಸಿಲು. ನಾವೆಲ್ಲ ಬೆವರಿನಲ್ಲಿ ತೊಪ್ಪೆಯಾಗಿ ನಿಂತಿದ್ದೇವೆ, ಹಸು ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿದೆ. ಗೌರಕ್ಕ ಮುದ್ದು ಮಾಡಿದಳು, ಬೈದಳು. ನಾನು ಕುರ್ಚಿಯಿಂದ ಬಾಗಿ ಕೊರಳ ಹಗ್ಗ ಎಳೆದೆ. ಬೆಲ್ಲಮ್ಮ ಬೂಟು ಕಳಚಿಟ್ಟು ಬರಿಗಾಲಲ್ಲಿ ಹಿಂದಿನಿಂದ ನೂಕಿದರು, ಜಾರಿದರು, ಮತ್ತೆ ನೂಕಿದರು. ತುಂಗೆ ಬಾಲದಲ್ಲಿ ಅವರ ಕ್ರಾಪನ್ನು ಒಮ್ಮೆ ಸವರಿತು, ಅಷ್ಟೇ. ಆಗ ಖಾಜಾ ಹೆದರಿದ ದನಿಯಲ್ಲಿ ಒಂದು ಮಾತು ಹೇಳಿದ. "ಐಸು ಕರಗ್ತಾ ಇದೆ. ಪೂರಾ ಕರಗಿದ್ರೆ ಹಸು ಐಸಿಂದ ಇಳಿದ ಹಾಗಾಗಲ್ಲ, ಐಸೇ ಹಸುವಿಂದ ಇಳಿದ ಹಾಗಾಗುತ್ತೆ. ನನ್ನ ಹತ್ತಿರ ಇನ್ನು ಐಸಿಲ್ಲ, ಹೊಸದಾಗಿ ಕಟ್ಟೋಕೆ ಕರೆಂಟೂ ಇಲ್ಲ."

ಗಡ್ಡೆ ಚಪ್ಪಡಿಯಾಯಿತು, ಚಪ್ಪಡಿ ಹಪ್ಪಳದಂತಾಯಿತು. ಚೌಕದ ತುಂಬ ನೀರು. ಹುಲ್ಲು ತೋರಿಸಿದರೆ ತುಂಗೆ ಮೂಸಿಯೂ ನೋಡಲಿಲ್ಲ, ಬೆಳಗ್ಗೆಯಿಂದ ಬಂದವರೆಲ್ಲ ತಿನ್ನಿಸಿದ್ದರು. ಬೆಲ್ಲಮ್ಮ ಸೋತು ಮುಖ ಒರೆಸಿಕೊಳ್ಳಲು ಚೀಲಕ್ಕೆ ಕೈಹಾಕಿದರು. ಕೈಗೆ ಬಂದದ್ದು ಭಾಷಣದ ಹಾಳೆ. ಅದರಿಂದಲೇ ಗಾಳಿ ಬೀಸಿಕೊಂಡರು. ತುಂಗೆಯ ಕಿವಿ ನೆಟ್ಟಗಾಯಿತು. ಒಳ್ಳೆಯ ದಪ್ಪ ಕಾಗದ, ಗೋಡೆಯ ಸಿನಿಮಾ ಪೋಸ್ಟರುಗಳಿಗೂ ಇಲ್ಲದ ಕಾಗದ. ಗೌರಕ್ಕ ಕಿರುಚಿದಳು, "ಅಮ್ಮಾ, ಅದನ್ನ ತೋರ್ಸಿ! ದೂರ ನಿಂತು ತೋರ್ಸಿ!" ನಾನು ಜರ್ಮನ್ನಿನಲ್ಲಿ ಕಿರುಚಿದೆ. ಬೆಲ್ಲಮ್ಮ ಒಂದು ಕ್ಷಣ ಆ ಹಾಳೆಗಳ ಕಡೆ ನೋಡಿದರು. ಆಮೇಲೆ ಮೊದಲ ಪುಟ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆದರು. ತುಂಗೆ ಎದ್ದಿತು. ನಾನು ಹಗ್ಗ ಎಳೆದೆ. ಅದು ಒಂದು ಕಾಲು ನೆಲಕ್ಕಿಟ್ಟಿತು, ಇನ್ನೊಂದು ಇಟ್ಟಿತು. ಅಂಗೈ ಅಗಲದ ಐಸಿನ ಮೇಲಿದ್ದ ಕೊನೆಯ ಗೊರಸೂ ಕೆಳಗಿಳಿಯಿತು. ಬೆಲ್ಲಮ್ಮ ಒಂದೊಂದೇ ಪುಟ ಕೊಟ್ಟು ಇಡೀ ಭಾಷಣ ತಿನ್ನಿಸಿದರು.

ನನ್ನ ಹಿಮ್ಮಡಿ ಸಡಿಲವಾಯಿತು. ಬೆಲ್ಲಮ್ಮ ಕೆಸರಿನಲ್ಲಿ ಕೂತು ಅಳುತ್ತಿದ್ದರು. ಗಾಬರಿಯಾಗಿ ಕೇಳಿದೆ. "ಎಷ್ಟೋ ವರ್ಷದಿಂದ ಸಭೆಗಳಲ್ಲಿ ಈ ಮಾತು ಹೇಳುತ್ತಾ ಬಂದಿದ್ದೇನೆ," ಅಂದರು. "ಹಸುವನ್ನು ಇವತ್ತೇ ನೋಡಿದ್ದು." ಗೌರಕ್ಕ ತನ್ನ ಸೆರಗಿನಿಂದ ಅವರ ಮೂಗು ಒರೆಸಿದಳು.

ಇನ್ನು ಉಳಿದದ್ದು ಕಪ್ಪೆ. ಆ ಪುಟವೂ ಹಸುವಿನ ಹೊಟ್ಟೆ ಸೇರಿತಲ್ಲ, ಕಲ್ಲು ಮರೆತಿರಬಹುದು ಎಂದು ಆಸೆಪಟ್ಟೆ. ಮರೆತಿರಲಿಲ್ಲ. ಪಾದದ ನಡುಭಾಗ ಭದ್ರವಾಗಿ ಕೂತಿತ್ತು. ಹನುಮಂತು ಕೆರೆಯಿಂದ ಒಂದನ್ನು ತಂಬಿಗೆಯಲ್ಲಿ ತಂದು, "ಚಿಕ್ಕದೇ ಇದೆ ಅಕ್ಕ, ಕಣ್ಣು ಮುಚ್ಕೊಂಡು ನೀರು ಕುಡಿದುಬಿಡಿ" ಅಂದ. ಅದು ತಂಬಿಗೆಯೊಳಗಿಂದ ನನ್ನನ್ನು ನೋಡಿತು. ನಾನು ಕಿರುಚಿದ ಕಿರುಚಿಗೆ ಅದೇ ಹಾರಿ ಪುರಸಭೆಯೊಳಗೆ ಹೋಯಿತು. "ಮುದುಕಿಯಾಗ್ತೀನಿ, ಇಲ್ಲೇ ಸಾಯ್ತೀನಿ, ಅದನ್ನ ಮಾತ್ರ ನುಂಗಲ್ಲ" ಅಂದೆ. ಆಮೇಲೆ ಬಾಯಿ ಮುಚ್ಚಿಕೊಂಡೆ, ಇದೂ ಕಲ್ಲಿನ ಮೇಲೆಯೇ ಆಡಿದ್ದು. ಪುಣ್ಯಕ್ಕೆ ಆ ಹೊತ್ತಿಗೆ ಸಿಟ್ಟಿನಲ್ಲಿ ಕುರ್ಚಿಯಿಂದ ಅರ್ಧ ಮಾತ್ರ ಎದ್ದಿದ್ದೆ. ನಿಂತು ಆಡಿದ್ದಲ್ಲ ಎಂದು ಎಲ್ಲರೂ ಸಮಾಧಾನ ಮಾಡಿದರು.

ನೀಲಕಂಠ ಬಹಳ ಹೊತ್ತು ತಲೆ ಕೆರೆದುಕೊಂಡು ನಿಂತಿದ್ದವನು ಗೌರಕ್ಕನನ್ನು ಕೇಳಿದ. "ಸಂಕ್ರಾಂತಿಗೆ ನಿಮ್ಮನೆ ಸಕ್ಕರೆ ಅಚ್ಚು ತಿಂತೀವಲ್ಲ, ಮಕ್ಕಳು ಏನಂತ ಕೇಳ್ತವೆ?"

"ಆನೆ ಕೊಡು, ಗಿಳಿ ಕೊಡು ಅಂತವೆ."

"ಸಕ್ಕರೆ ಕೊಡು ಅನ್ನಲ್ಲ, ಅಲ್ವಾ? ಕಪ್ಪೆ ಅಚ್ಚಿದೆಯಾ?"

ಕಪ್ಪೆಯದು ಇರಲಿಲ್ಲ. ಆದರೆ ಗೌರಕ್ಕನ ತವರಿನಿಂದ ಬಂದ ಒಂದು ಮರದ ಅಚ್ಚಿತ್ತು, ಸವೆದು ಸವೆದು ಅದು ಏನೆಂದು ಯಾರಿಗೂ ತಿಳಿಯದ್ದು. "ನಮ್ಮತ್ತೆ ಕರಡಿ ಅಂತಿದ್ರು, ನಾನು ಕುಂತಿರೋ ಮೇಷ್ಟ್ರು ಅಂತಿದ್ದೆ. ಇದಕ್ಕೇ ನಮ್ಮಿಬ್ಬರಿಗೂ ಮಾತು ಬಿಟ್ಟುಹೋಗಿತ್ತು," ಅಂದಳು. ಪಾಕ ಕಾಯಿಸಿ, ಹುಯ್ದು, ತಣಿಸಿ, ನಿಂಬೆಹಣ್ಣಿನಷ್ಟು ದಪ್ಪದ ಎರಡು ಬೆಳ್ಳನೆಯ ಏನೋ ತಂದಳು. ಪುಟ್ಟವೀರಯ್ಯನವರು ಒಂದನ್ನು ಎತ್ತಿ ಹಿಡಿದು ಊರಿಗೆಲ್ಲ ತೋರಿಸಿದರು. "ಇದೇನು?" ಇಡೀ ಚೌಕ ಒಂದೇ ಕೊರಳಲ್ಲಿ, "ಕಪ್ಪೆ!"

ಬೆಲ್ಲಮ್ಮ ಕಲ್ಲು ಹತ್ತಿ ನನ್ನ ಪಕ್ಕ ನಿಂತರು. ಅಗಿಯುವ ಹಾಗಿಲ್ಲ, ನುಂಗಬೇಕು. ಇಬ್ಬರೂ ಬಾಯಿಗೆ ಹಾಕಿಕೊಂಡೆವು. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಕರಗಲಿ ಅಂತ ಕಾದೆವು, ಅವರು ನನ್ನನ್ನು ನೋಡುತ್ತಾ, ನಾನು ಅವರನ್ನು ನೋಡುತ್ತಾ. ನಗು ಬಂದರೆ ಸತ್ತೆವು. ಬಂತು. ತಡೆದುಕೊಂಡೆವು. ಗುಳುಕ್. ಗುಳುಕ್. ನನ್ನ ಪಾದ ಗಾಳಿಗೆದ್ದಿತು. ಸಮತೋಲ ತಪ್ಪಿ ನೇರ ನೀಲಕಂಠನ ಮೇಲೆ ಬಿದ್ದೆ. ಮೇಲಿನಿಂದ ಬೆಲ್ಲಮ್ಮ ತುಟಿ ಒರೆಸಿಕೊಳ್ಳುತ್ತಾ ಅಂದರು, "ನಮ್ಮೂರಲ್ಲಿ ಇಂಥ ಕಪ್ಪೆ ಎಷ್ಟೋ ನುಂಗಿದ್ದೇನೆ. ಒಂದೂ ಸಿಹಿ ಇರಲಿಲ್ಲ."

ಅಲ್ಲಿಗೆ ಮುಗಿಯಬೇಕಿತ್ತು. ಸಂತೋಷದಲ್ಲಿ ಯಾರಿಗೂ ಎಚ್ಚರವಿರಲಿಲ್ಲ. ಬೆಲ್ಲಮ್ಮ ಇನ್ನೂ ಕಲ್ಲಿನ ಮೇಲೆಯೇ ಇದ್ದರು, ಮನಸ್ಸು ತುಂಬಿ ಬಂದಿತ್ತು. ನಮ್ಮ ಜನ ಮನೆಗೆ ಹೊರಡುವಾಗ ಒಬ್ಬರಿಗೊಬ್ಬರು ಹೇಳುವುದನ್ನು ಕೇಳಿ ಕೇಳಿ ಕಲಿತಿದ್ದರು. ಕೈಮುಗಿದು, ಎದೆಯ ಮೇಲಿಟ್ಟುಕೊಂಡು, ಶುದ್ಧ ಕನ್ನಡದಲ್ಲಿ ಹೇಳಿದರು.

"ಹೋಗಿ ಬರ್ತೀನಿ."

ಅವರು ಇಳಿಯಲು ಕಾಲೆತ್ತಿದರು. ಏಳಲಿಲ್ಲ.

ಹೋಗಿ ಬಂದರೆ ತಾನೆ ಕಾಲು ಬಿಡುವುದು! ಕಾಲು ಬಿಡದೆ ಹೋಗುವುದೆಲ್ಲಿಗೆ? ಪುಟ್ಟವೀರಯ್ಯನವರು ಅಲ್ಲೇ ಕುಸಿದು ಕೂತರು. ಹಾಗೆ ಹೇಳಬಾರದಿತ್ತೆಂದು ನಾನು ವಿವರಿಸಹೋದೆ. "ಹೋಗುವಾಗ ಬರ್ತೀನಿ ಅಂತ ಯಾಕೆ ಹೇಳುತ್ತೀರಿ ನೀವು?" ಅಂತ ಅವರು ಕೇಳಿದರು.

ನೀಲಕಂಠ ತನ್ನ ಶಾಮಿಯಾನದ ಗಳಗಳನ್ನೆಲ್ಲ ಎತ್ತಿ ತಂದು ಕಲ್ಲಿನ ಕೆಳಗೆ ತೂರಿಸಿದ. "ಅವರು ಹೋಗೋಕಾಗದಿದ್ರೆ ಕಲ್ಲೇ ಹೋಗಿ ಬರಲಿ. ಹಿಡೀರಿ!" ಹಿಡಿದರು. ಖಾಜಾ, ಹನುಮಂತು, ಗಡ್ಡ ಅರ್ಧವಾಗಿದ್ದ ಗಿರಾಕಿ, ಪುರಸಭೆಯ ಸದಸ್ಯರು, ವಿರೋಧ ಪಕ್ಷದವರು, ಯಾರು ಯಾರೋ. ಯುಗಯುಗದಿಂದ ಕೂತಿದ್ದ ಕಲ್ಲು ಕಂಬ ಬಿಟ್ಟು ಮೇಲೆದ್ದಿತು. ಅದರ ಮೇಲೆ ನನ್ನ ಕುರ್ಚಿಯಲ್ಲಿ ಬೆಲ್ಲಮ್ಮ, ಮಡಿಲಲ್ಲಿ ಬೂಟು ಹ್ಯಾಟು. ಬಜಾರಿನಲ್ಲಿ ಹೋದರು, ಜನ ಅಂಗಡಿಯಿಂದ ಹೊರಬಂದು ಕೈಮುಗಿದರು. ಅವರೂ ಮುಗಿದರು, ಬಾಯಿ ಮಾತ್ರ ತೆರೆಯಲಿಲ್ಲ, ನಾನು ಪಕ್ಕದಲ್ಲಿ ತುಟಿಗೆ ಬೆರಳಿಟ್ಟುಕೊಂಡು ಓಡುತ್ತಿದ್ದೆ. ಊರಿನ ಆಚೆ ಜೀಪು ನಿಂತಿದ್ದಲ್ಲಿ ಇಳಿಸಿ ಕಾಲೆತ್ತಿಸಿ ನೋಡಿದೆವು. ಇಲ್ಲ, ಹೋದದ್ದಾಯಿತು, ಬಂದದ್ದಾಗಲಿಲ್ಲ. ಮತ್ತೆ ಹೊತ್ತರು. ಚೌಕಕ್ಕೆ ಬಂದು ಕಲ್ಲು ಕಂಬದ ಮೇಲೆ ಕೂತಿತೋ ಇಲ್ಲವೋ, ಬೆಲ್ಲಮ್ಮ ನೆಲಕ್ಕೆ ಹಾರಿದರು. ಹೊತ್ತವರು ಅಲ್ಲಲ್ಲೇ ಉರುಳಿದರು.

ಜೀಪಿನ ತನಕ ನಾನೊಬ್ಬಳೇ ಕಳಿಸಲು ಹೋದೆ. ಗೌರಕ್ಕ ಕೊಟ್ಟ ಮರದ ಅಚ್ಚನ್ನು ಅವರು ಕೈಚೀಲಕ್ಕೆ ಹಾಕಿಕೊಂಡಿದ್ದರು, ಅಲ್ಲಿನ ಸಭೆಯಲ್ಲಿ ಬೇಕಾಗುತ್ತದಂತೆ. ಜೀಪು ಹೊರಟಾಗ ಕಿಟಕಿಯಿಂದ ತಲೆ ಹಾಕಿ ಜರ್ಮನ್ನಿನಲ್ಲಿ ಹೋಗುವವರು ಹೇಳುವ ಮಾತು ಹೇಳಿದರು. ನಾನು ಅದನ್ನು ಮೆಕ್ಯಾನಿಕ್ಕಿನ ಬಾಯಲ್ಲಿ ದಿನವೂ ಕೇಳಿದ್ದೆ, ಪದ ಬಿಡಿಸಿ ನೋಡಿರಲಿಲ್ಲ. ಅಭ್ಯಾಸಬಲದಿಂದ ಬಾಯಿ ತನ್ನಷ್ಟಕ್ಕೆ ಕನ್ನಡ ಮಾಡಿತು. "ಮತ್ತೆ ಕಾಣುವ ತನಕ."

ಕೆಳಗೆ ನೋಡಿದೆ. ಬರೀ ಮಣ್ಣು. ಆದರೂ ಇರಲಿ ಎಂದು ಬಲಗಾಲು ಎತ್ತಿದೆ. ಆರಾಮವಾಗಿ ಬಂತು. ಎಡಗಾಲೂ ಬಂತು. ಧೂಳು ಅಡಗುವ ತನಕ ಅಲ್ಲೇ ನಿಂತಿದ್ದೆ, ಒಂದಾದರೂ ಸ್ವಲ್ಪ ಅಂಟಿಕೊಳ್ಳಬಾರದಿತ್ತೇ ಅಂತ ಅಂದುಕೊಳ್ಳುತ್ತಾ.